ಸೀಟು ಸಿಕ್ಕಿತು, ಇನ್ನು ಮೊದಲ ವರ್ಷ

ಜೂನ್ ಬಂತೆಂದರೆ ಸೇಡಂನ ಸಹಾಯಕ ಆಯುಕ್ತರ ಕಚೇರಿಗೆ ಅಪ್ಪ–ಮಕ್ಕಳ ಜೋಡಿಗಳು ಬರತೊಡಗುತ್ತವೆ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಶಾಲೆಯ ಟಿ.ಸಿ., ವ್ಯಾಸಂಗ ಪತ್ರ, ರೇಷನ್ ಕಾರ್ಡು, ಆಧಾರು. ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಮಕ್ಕಳಿಗೆ 371(ಜೆ) ಅರ್ಹತಾ ಪತ್ರ ಸಿಗುವುದು ಇಲ್ಲಿಂದಲೇ. ಸಂವಿಧಾನದ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2012ರ ಡಿಸೆಂಬರ್‌ನಲ್ಲಿ. ಮರುವರ್ಷ ರಾಜ್ಯ ಸರ್ಕಾರದ ಆದೇಶಗಳು ಹೊರಬಿದ್ದವು. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾದವು. ಚಿಂಚೋಳಿಯಿಂದ ವಿಧಾನಸಭೆಗೆ ಹೋಗಿದ್ದ ವೈಜನಾಥ ಪಾಟೀಲರು ಇದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದು ಬಡಿದಾಡಿದ್ದನ್ನು ಇಲ್ಲಿನ ಹಿರಿಯರು ಇನ್ನೂ ಮರೆತಿಲ್ಲ.

ಹೀಗೆ ಸೀಟಿನ ಹೋರಾಟ ಒಂದು ಘಟ್ಟಕ್ಕೆ ಬಂತು. ಆದರೆ ಆ ಸೀಟಿನಲ್ಲಿ ಕೂತ ಹುಡುಗ ಆಗಸ್ಟ್ ತಿಂಗಳಿಡೀ ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂತು, ದೀಪಾವಳಿಗೆ ಊರಿಗೆ ಹೋದವನು ಮರಳಿ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಯಾರೂ ಇಲ್ಲ. ಕಾನೂನು ಬಾಗಿಲು ತೆರೆದಿದೆ. ಒಳಗೆ ಬಂದವರನ್ನು ಮೊದಲ ವರ್ಷ ದಾಟಿಸುವ ಕೆಲಸವನ್ನು ಮಾತ್ರ ನಾವು ಹದಿನೆಂಟು ವರ್ಷದ ಮಕ್ಕಳ ಎದೆಗಾರಿಕೆಗೆ ಬಿಟ್ಟುಬಿಟ್ಟಿದ್ದೇವೆ. ಅದು ಕಾಲೇಜಿನ ಹೊಣೆ, ವಿಶ್ವವಿದ್ಯಾಲಯದ ಹೊಣೆ ಎಂದು ಗಟ್ಟಿಯಾಗಿ ಹೇಳುವ ಕಾಲ ಬಂದಿದೆ ಎನ್ನುವುದಕ್ಕೇ ಈ ಲೇಖನ.

ಈ ಮಕ್ಕಳು ಯಾರು ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ಪಾಸಾದವರು ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಅದು ಶೇ 91 ದಾಟಿತ್ತು. ಅಂದರೆ ಜಿಲ್ಲೆಯಲ್ಲಿ ಪರೀಕ್ಷೆಗೆ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತನೆಯ ತರಗತಿಯ ಹೊಸ್ತಿಲಲ್ಲೇ ಉಳಿದರು. ಆಮೇಲೆ ಪಿಯುಸಿ ಎಂಬ ಇನ್ನೊಂದು ಕಟ್ಟೆ. ಇವೆರಡನ್ನೂ ದಾಟಿ ಪದವಿ ತರಗತಿಗೆ ಬಂದ ಕೊಂಚಾವರಂ ತಾಂಡಾದ ಹುಡುಗಿಯಾಗಲಿ, ಶಹಾಬಾದಿನ ಕಲ್ಲಿನ ಗಣಿ ಕಾರ್ಮಿಕನ ಮಗನಾಗಲಿ ಸುಮ್ಮನೆ ಬಂದವರಲ್ಲ. ಇಂಥವರನ್ನು ಮೊದಲ ಸೆಮಿಸ್ಟರ್‌ನಲ್ಲಿ ಕಳೆದುಕೊಳ್ಳುವುದೆಂದರೆ ಹನ್ನೆರಡು ವರ್ಷದ ದುಡಿಮೆಯನ್ನು ಕಳೆದುಕೊಂಡಂತೆ.

ಊರು ಐದು, ದಾರಿ ಹಲವು

ಹೊರಗಿನವರಿಗೆ ಇದೆಲ್ಲ ಒಂದೇ ‘ಕಲಬುರಗಿ ಕಡೆ’. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ ಹೊರಡುವ ಮಕ್ಕಳ ಮೊದಲ ವರ್ಷ ಒಂದೇ ಬಗೆಯದಲ್ಲ.

ಶಹಾಬಾದಿನಿಂದ ಕಲಬುರಗಿಗೆ ಸುಮಾರು 25 ಕಿಲೊಮೀಟರ್. ವಾಡಿ ಇನ್ನೂ ಸ್ವಲ್ಪ ಆಚೆ. ಎರಡೂ ರೈಲಿನ ಊರುಗಳು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿಕೊಂಡದ್ದೇ ವಾಡಿಯಲ್ಲಿ. ರೈಲ್ವೆ ಕ್ವಾರ್ಟರ್ಸು, 1968ರಲ್ಲಿ ಶುರುವಾದ ಎಸಿಸಿ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲಿನ ಗಣಿಗಳು ಸೇರಿ ಇಲ್ಲಿ ನಾಲ್ಕಾರು ಭಾಷೆಯ ಜನ ಬೆರೆತಿದ್ದಾರೆ. ಈ ಊರಿನ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಸ್ಟೇಷನ್ನಿನಲ್ಲಿ ಹಿಂದಿ, ತೆಲುಗು, ಮರಾಠಿ. ಹೊಸಬರ ಜತೆ ಮಾತಿಗಿಳಿಯುವ ಅಂಜಿಕೆ ಇವರಿಗೆ ಕಡಿಮೆ. ಇವರ ಕಷ್ಟ ಬೇರೆ. ಊರು ಹತ್ತಿರವಾದ್ದರಿಂದ ಹೆಚ್ಚಿನವರು ‘ಅಪ್-ಡೌನ್’ ಮಾಡುತ್ತಾರೆ. ಬೆಳಗಿನ ಗಾಡಿಗೆ ಹೋಗಿ ಮಧ್ಯಾಹ್ನದ ಗಾಡಿಗೆ ವಾಪಸು. ಕಾಲೇಜಿನ ಗ್ರಂಥಾಲಯ, ಆಟದ ಮೈದಾನ, ಸಂಜೆಯ ಚರ್ಚೆ, ನಾಟಕದ ತಾಲೀಮು ಶುರುವಾಗುವ ಹೊತ್ತಿಗೆ ಇವರು ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿರುತ್ತಾರೆ. ಮೂರು ವರ್ಷ ಓದಿ ಡಿಗ್ರಿ ಪಡೆದರೂ ಕಾಲೇಜಿನ ಸಂಜೆಯನ್ನೇ ನೋಡದ ಪದವೀಧರರು ವಾಡಿ, ಶಹಾಬಾದಿನಲ್ಲಿ ಎಷ್ಟೋ ಮಂದಿ ಸಿಗುತ್ತಾರೆ.

ಸೇಡಂ ಸುಮಾರು 55 ಕಿಲೊಮೀಟರ್ ದೂರ. ರೈಲು ಹಳಿ ಇದ್ದರೂ ಅದು ಚಿತ್ತಾಪುರದ ಮೇಲೆ ಹಾದು ವಾಡಿ ಸುತ್ತಿಕೊಂಡು ಬರುತ್ತದೆ. ಹಾಗಾಗಿ ಬಸ್ಸೇ ಆಧಾರ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದು ಸೇಡಂ ರಸ್ತೆಯಲ್ಲೇ, ಸುಮಾರು 860 ಎಕರೆಯಲ್ಲಿ. ಸೇಡಂ ಬಸ್ಸು ಅದರ ಮುಂದೆಯೇ ಹಾದು ಹೋಗುತ್ತದೆ. ಇಷ್ಟು ಅನುಕೂಲ ಇದ್ದೂ ಮಳೆಗಾಲದಲ್ಲಿ ಒಂದು ನದಿ ಲೆಕ್ಕ ತಪ್ಪಿಸುತ್ತದೆ. ಕಾಗಿಣಾ ತುಂಬಿದರೆ ಮಳಖೇಡದ ಸೇತುವೆ ಮುಳುಗುತ್ತದೆ, ಸೇಡಂ–ಕಲಬುರಗಿ ಬಸ್ಸು ನಿಲ್ಲುತ್ತದೆ. ಚಿತ್ತಾಪುರದವರಿಗೆ ದಂಡೋತಿ ಸೇತುವೆಯದೂ ಇದೇ ಕತೆ. ಕಾಗಿಣಾ ತುಂಬುವುದು ಜುಲೈನಿಂದ ಸೆಪ್ಟೆಂಬರ್ ನಡುವೆ, ಪದವಿಯ ಮೊದಲ ಪಾಠಗಳು ನಡೆಯುವುದೂ ಆಗಲೇ. ವಿಷಯದ ಬುನಾದಿ ಹಾಕುವ ಎರಡು ತರಗತಿ ತಪ್ಪಿದರೆ ಮೂರನೆಯದು ತಲೆಗೆ ಹತ್ತುವುದಿಲ್ಲ. ಹಾಜರಾತಿ ಶೇ 75 ಇರಬೇಕೆಂಬ ನಿಯಮಕ್ಕೆ ನದಿಯ ನೀರು ಗೊತ್ತಿಲ್ಲ. ಸೇತುವೆ ಮುಳುಗಿದ ದಿನಗಳ ಪಾಠವನ್ನು ಮರುವಾರ ಒಮ್ಮೆ ಹೇಳಿಕೊಡುವ ಏರ್ಪಾಡನ್ನು ಕಾಲೇಜುಗಳು ಮಾಡಿಕೊಳ್ಳಬಹುದು. ಅದಕ್ಕೆ ಅನುದಾನ ಬೇಕಿಲ್ಲ, ಒಂದು ಗಂಟೆಯ ಮನಸ್ಸು ಸಾಕು.

ಚಿಂಚೋಳಿಯ ಮಕ್ಕಳ ದಾರಿ ಎಲ್ಲಕ್ಕಿಂತ ಉದ್ದ. ರೈಲಿಲ್ಲ, ಕಲಬುರಗಿಗೆ 80 ಕಿಲೊಮೀಟರಿಗೂ ಹೆಚ್ಚು. ಕೊಂಚಾವರಂ ಕಾಡಿನಂಚಿನ ತಾಂಡಾಗಳಿಂದ ಚಿಂಚೋಳಿ ಪಟ್ಟಣಕ್ಕೆ ಬರುವುದೇ ಒಂದು ಪ್ರಯಾಣ. ಇಲ್ಲಿನ ಹುಡುಗ ಮನೆಯಲ್ಲಿ ಲಂಬಾಣಿ ಆಡುತ್ತಾನೆ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಪ್-ಡೌನ್ ಅವನ ಪಾಲಿಗಿಲ್ಲ. ಹಾಸ್ಟೆಲ್ ಸಿಗಬೇಕು, ಇಲ್ಲವೇ ರೂಮು ಮಾಡಬೇಕು. ಅವನ ಮೊದಲ ವರ್ಷದ ಇನ್ನೊಂದು ಸಂಕಟ ನಗರದವರ ಕಣ್ಣಿಗೆ ಬೀಳುವುದೇ ಇಲ್ಲ. ಸುಗ್ಗಿ ಮುಗಿದ ಮೇಲೆ ತಾಂಡಾದ ಎಷ್ಟೋ ಮನೆಗಳು ದುಡಿಮೆಗೆಂದು ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಗೆಳೆಯರೆಲ್ಲ ರಜೆಗೆ ಊರಿಗೆ ಹೊರಟಾಗ ಇವನ ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ರಜೆಯಲ್ಲಿ ಹಾಸ್ಟೆಲ್ ಮುಚ್ಚುವ ಮೊದಲು ವಾರ್ಡನ್ ಆದವರು ಯಾರಿಗೆ ಹೋಗಲು ಮನೆಯಿದೆ, ಯಾರಿಗಿಲ್ಲ ಎಂದು ಕೇಳಬೇಕು. ಇದು ದಯೆಯ ಮಾತಲ್ಲ, ಜವಾಬ್ದಾರಿಯ ಮಾತು.

ಸಾವಿರ ವರ್ಷದ ಹಿಂದಿನ ಒಂದು ಲೆಕ್ಕ

ಊರು ಬಿಟ್ಟು ಓದುವ ಮಕ್ಕಳನ್ನು ನೋಡಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರ ಪಟ್ಟಣದ ಮಗ್ಗುಲಲ್ಲೇ ನಾಗಾವಿ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಹೆಸರಾಂತ ಘಟಿಕಾಸ್ಥಾನ. ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಶಾಲೆಯ ವಿವರ 1058ರ ಶಾಸನದಲ್ಲಿದೆ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ವೇದಕ್ಕೆ ಬೇರೆ, ಶಾಸ್ತ್ರಕ್ಕೆ ಬೇರೆ ಉಪಾಧ್ಯಾಯರು, ಜತೆಗೆ ಆರು ಮಂದಿ ಸರಸ್ವತಿ ಭಂಡಾರಿಗಳು, ಅಂದರೆ ಗ್ರಂಥ ಭಂಡಾರದವರು. ಇವರೆಲ್ಲರ ನಿರ್ವಹಣೆಗೆ ಭೂಮಿ ಬಿಟ್ಟಿದ್ದರು. ಆ ಶಾಲೆ ಎಲ್ಲ ಜಾತಿಯವರಿಗೆ, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಇಂದಿನ ಕಾಲೇಜು ಅದಕ್ಕಿಂತ ದೊಡ್ಡದಾಗಿರುವುದು ಅಲ್ಲೇ. ಆದರೆ ಓದಲು ಬಂದವನಿಗೆ ಊಟ, ವಸತಿ, ಪುಸ್ತಕ ಮೂರನ್ನೂ ಪಾಠದ ಜತೆಯಲ್ಲೇ ಲೆಕ್ಕ ಹಾಕಬೇಕೆಂದು ಅವರಿಗೆ ತಿಳಿದಿತ್ತು. ಇನ್ನೂರು ಚಿಲ್ಲರೆ ಮಕ್ಕಳಿಗೆ ಆರು ಗ್ರಂಥಪಾಲಕರು! ನಮ್ಮ ಎಷ್ಟು ಪದವಿ ಕಾಲೇಜುಗಳಲ್ಲಿ ಪೂರ್ಣಾವಧಿಯ ಒಬ್ಬ ಗ್ರಂಥಪಾಲಕ ಇದ್ದಾರೆ, ಯೋಚಿಸಿ.

ಹೊಸ ಕಾಲದ ವಿಶ್ವವಿದ್ಯಾಲಯವಂತೂ ಈ ಭಾಗಕ್ಕೆ ಬಹುಕಾಲ ದೂರದ ಊರಿನ, ಪರಭಾಷೆಯ ಸಂಗತಿಯೇ ಆಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ ಪಾಠ ಉರ್ದುವಿನಲ್ಲಿ. ಮುಂದೆ ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲರು ಪದವಿ ಪಡೆದದ್ದು ಅಲ್ಲಿಂದಲೇ. ಕನ್ನಡದ ಹುಡುಗರು ಉರ್ದು ಕಲಿತು ಕಾನೂನು ಓದಿದರು, ವಿಜ್ಞಾನ ಓದಿದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ತರಗತಿಗಳು ಶುರುವಾಗುವ ಮುನ್ನವೇ, 1917ರಲ್ಲಿ, ಅವರು ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಕಟ್ಟಿದರು. ಗಣಿತ, ಭೌತವಿಜ್ಞಾನ, ವೈದ್ಯ, ಇತಿಹಾಸದ ಪಠ್ಯಗಳನ್ನು ಉರ್ದುವಿಗೆ ತಂದು, ಬೇಕಾದ ಪರಿಭಾಷೆಯನ್ನು ಕೂತು ಕಟ್ಟಿದರು. ಒಂದು ಭಾಷೆಯಲ್ಲಿ ಕಲಿಸುತ್ತೇವೆ ಎಂದ ಮೇಲೆ ಆ ಭಾಷೆಯಲ್ಲಿ ಪುಸ್ತಕ ಕೊಡುವುದು ತಮ್ಮ ಕೆಲಸವೆಂದು ಒಪ್ಪಿಕೊಂಡ ವಿಶ್ವವಿದ್ಯಾಲಯ ಅದು.

1956ರ ಏಕೀಕರಣದ ನಂತರ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು, ಅದೇ ವರ್ಷ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಬಂತು. 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ; ಈಗ ಅದರ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಅಜ್ಜ ಹೈದರಾಬಾದಿಗೆ, ಅಪ್ಪ ಧಾರವಾಡಕ್ಕೆ ಹೋಗಬೇಕಿದ್ದ ಕಡೆ ಮೊಮ್ಮಗಳು ಮನೆಯ ಬುತ್ತಿ ಕಟ್ಟಿಕೊಂಡು ಹೋಗಿ ಬರುವಷ್ಟು ಹತ್ತಿರ ವಿಶ್ವವಿದ್ಯಾಲಯ ಬಂದಿದೆ. ಭಾಷೆಯ ದೂರ ಮಾತ್ರ ಉಳಿದಿದೆ.

‘ಹ್ಯಾಂಗ ಕೇಳ್ಬೇಕ್ರಿ?’

ಬಿ.ಎ. ಓದುವವರಿಗೆ ಕನ್ನಡದಲ್ಲಿ ಪಾಠವೂ ಪರೀಕ್ಷೆಯೂ ಇದೆ. ವಿಜ್ಞಾನ, ಎಂಜಿನಿಯರಿಂಗ್, ಕಂಪ್ಯೂಟರ್ ಕೋರ್ಸುಗಳಲ್ಲಿ ಇಂಗ್ಲಿಷೇ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಎರಡು ವರ್ಷ ಗೈಡು ಉರು ಹೊಡೆದು ದಾಟಿದ ಮಕ್ಕಳಿಗೆ ನಿಜವಾದ ಇಂಗ್ಲಿಷ್ ಎದುರಾಗುವುದು ಪದವಿಯ ಮೊದಲ ತಿಂಗಳಲ್ಲಿ.

ಅಂಥ ಒಬ್ಬ ವಿದ್ಯಾರ್ಥಿಯ ಆಗಸ್ಟ್ ತಿಂಗಳ ನೋಟ್‌ಬುಕ್ ತೆರೆದು ನೋಡಿ. ಪುಟದ ಮೇಲೆ ತಾರೀಖು, ವಿಷಯದ ಹೆಸರು ಚೆನ್ನಾಗಿ ಗೆರೆ ಎಳೆದು ಬರೆದಿರುತ್ತದೆ. ಕೆಳಗೆ ಬೋರ್ಡಿನ ಮೇಲಿದ್ದ ಸೂತ್ರ, ಚಿತ್ರ ಅಚ್ಚುಕಟ್ಟು. ಸೂತ್ರಕ್ಕೂ ಸೂತ್ರಕ್ಕೂ ನಡುವೆ ಮೇಷ್ಟ್ರು ಬಾಯಲ್ಲಿ ಹೇಳಿದ್ದು ಮಾತ್ರ ಇಲ್ಲ. ಅಲ್ಲಿ ಅರ್ಧ ವಾಕ್ಯ, ಒಂದು ಪದ, ಆಮೇಲೆ ಚುಕ್ಕಿಗಳು. ಕೆಲವೆಡೆ ಕಿವಿಗೆ ಬಿದ್ದ ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿರುತ್ತಾನೆ, ಸಂಜೆ ಯಾರನ್ನಾದರೂ ಕೇಳೋಣ ಎಂದು. ಆ ಪುಟವನ್ನು ಒಮ್ಮೆ ನೋಡಿದ ಅಧ್ಯಾಪಕರಿಗೆ ತಮ್ಮ ಯಾವ ಮಾತು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ಪರೀಕ್ಷೆಯವರೆಗೆ ಕಾಯದೆಯೇ ತಿಳಿದುಹೋಗುತ್ತದೆ. ಮೊದಲ ತಿಂಗಳಲ್ಲಿ ನೋಟ್‌ಬುಕ್ ತರಿಸಿಕೊಂಡು ನೋಡುವ ಪದ್ಧತಿ ಪ್ರೌಢಶಾಲೆಗೇ ನಿಂತುಹೋಗಿದೆ. ಅದು ಪದವಿಗೂ ಬೇಕು.

‘ತಿಳೀಲಿಲ್ಲಂದ್ರ ಕೇಳಬೇಕಪಾ’ ಎಂದರೆ ಮಕ್ಕಳು ಕೊಡುವ ಉತ್ತರ ಒಂದೇ: ‘ಇಂಗ್ಲಿಷ್‌ನ್ಯಾಗ ಹ್ಯಾಂಗ ಕೇಳ್ಬೇಕ್ರಿ ಸರ? ಕನ್ನಡದಾಗ ಕೇಳಿದ್ರ ಹಿಂದ ಕುಂತವ್ರು ನಗ್ತಾರ.’ ಇದರಲ್ಲಿ ಬುದ್ಧಿಯ ಕೊರತೆ ಎಲ್ಲಿದೆ? ಪ್ರಶ್ನೆ ಇದೆ, ಕೇಳುವ ಹಂಬಲವೂ ಇದೆ; ಕೇಳಲು ಜಾಗವಿಲ್ಲ. ಈ ಭಾಗದ ಕೆಲವು ಅಧ್ಯಾಪಕರು ಒಂದು ಒಳ್ಳೆಯ ಪದ್ಧತಿ ಇಟ್ಟುಕೊಂಡಿದ್ದಾರೆ. ಪಾಠ ಇಂಗ್ಲಿಷಿನಲ್ಲಿ ಮುಗಿಸಿ, ಕೊನೆಯ ಹತ್ತು ನಿಮಿಷ ಅದೇ ಪಾಠದ ಸಾರವನ್ನು ಕಲಬುರಗಿ ಕನ್ನಡದಲ್ಲಿ ಹೇಳುತ್ತಾರೆ, ಆಗ ಪ್ರಶ್ನೆಗಳು ಬರುತ್ತವೆ. ಬೋರ್ಡಿನ ಒಂದು ಬದಿಗೆ ಆ ದಿನದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಡುತ್ತಾರೆ. ಒಂದು ಸೆಮಿಸ್ಟರ್ ಹೀಗೆ ನಡೆದರೆ ಮಕ್ಕಳು ಎರಡನೆಯ ಸೆಮಿಸ್ಟರ್‌ಗೆ ತಾವಾಗಿ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ. ಕನ್ನಡದಲ್ಲಿ ವಿವರಿಸುವುದರಿಂದ ಇಂಗ್ಲಿಷ್ ಕೆಡುತ್ತದೆ ಎಂಬ ನಂಬಿಕೆಯನ್ನು ನಮ್ಮ ಕಾಲೇಜುಗಳು ಬಿಡಬೇಕು. ಉಸ್ಮಾನಿಯಾ ನೂರು ವರ್ಷದ ಹಿಂದೆ ಮಾಡಿದ ಕೆಲಸದ ಒಂದು ಪಾಲನ್ನಾದರೂ, ಮೊದಲ ವರ್ಷದ ವಿಷಯಗಳ ಎರಡು ಭಾಷೆಯ ಕೈಪಿಡಿಯ ರೂಪದಲ್ಲಾದರೂ, ಗುಲಬರ್ಗಾ ವಿಶ್ವವಿದ್ಯಾಲಯ ಮಾಡಿಕೊಟ್ಟರೆ ಈ ಐದು ಊರಿನ ಮಕ್ಕಳು ಎಂದೆಂದಿಗೂ ನೆನೆಯುತ್ತಾರೆ.

ಇದರ ಮೇಲೆ ಪಠ್ಯಕ್ರಮದ ಗೊಂದಲ ಬೇರೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿಯ ಮಾತು ಬಂತು. 2024–25ರಲ್ಲಿ ರಾಜ್ಯ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಇದರ ಸರಿ–ತಪ್ಪಿನ ಚರ್ಚೆ ಬೇರೆ ಕಡೆ ನಡೆಯಲಿ. ಬಡ ವಿದ್ಯಾರ್ಥಿಗೆ ಇದರಿಂದ ಆದ ನೇರ ನಷ್ಟ ಏನೆಂದರೆ, ಸೀನಿಯರ್ ಅಣ್ಣನ ನೋಟ್ಸು, ಹಳೆಯ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಕೆಲಸಕ್ಕೆ ಬಾರದೆ ಹೋದವು. ಹೊಸ ಪುಸ್ತಕ ಕೊಳ್ಳಲಾರದ ಮನೆಯ ಮಕ್ಕಳ ಗ್ರಂಥಾಲಯವೇ ಈ ಹಳೆಯ ನೋಟ್ಸು.

ರೊಟ್ಟಿ ಬುತ್ತಿ, ತೊಗರಿ ರಾಶಿ

ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇಲ್ಲದಿದ್ದರೆ ಕಲಬುರಗಿಯ ಕಾಲೇಜುಗಳು ಅರ್ಧ ಖಾಲಿಯಾಗುತ್ತಿದ್ದವು. ಆದರೆ ಅರ್ಜಿ, ಪರಿಶೀಲನೆ, ಪಟ್ಟಿ ಎಂದು ಹಾಸ್ಟೆಲ್ ಸಿಗುವಾಗ ತರಗತಿಗಳು ಶುರುವಾಗಿ ವಾರಗಳೇ ಕಳೆದಿರುತ್ತವೆ. ಆ ವಾರಗಳನ್ನು ಮಕ್ಕಳು ಯಾರದೋ ಸಂಬಂಧಿಕರ ಪಡಸಾಲೆಯಲ್ಲಿ, ಗೆಳೆಯನ ರೂಮಿನ ಮೂಲೆಯಲ್ಲಿ ಕಳೆಯುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಇದೆ. 2013–14ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಶುರುವಾದ ಯೋಜನೆ. ಅದೂ ಒಮ್ಮೆಲೇ, ತಡವಾಗಿ ಬರುತ್ತದೆ. ಬಾಡಿಗೆ ಕೇಳುವ ಮಾಲೀಕ ಕಾಯುವುದಿಲ್ಲ.

ಹಾಗಾದರೆ ರೂಮಿನ ಮಕ್ಕಳು ಉಣ್ಣುವುದೇನು? ಬಹುಮಟ್ಟಿಗೆ ಊರಿನ ರೊಟ್ಟಿ. ಸೇಡಂನಲ್ಲಿ, ಚಿಂಚೋಳಿಯಲ್ಲಿ ಬೆಳಗಿನ ಬಸ್ಸಿಗೆ ಅವ್ವ ಬುತ್ತಿ ಕೊಟ್ಟು ಕಳಿಸುತ್ತಾಳೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಪುಂಡಿ ಪಲ್ಯ. ಗಂಟಿನ ಮೇಲೆ ಪೆನ್ನಿನಲ್ಲಿ ಬರೆದ ಹೆಸರು, ಮೊಬೈಲ್ ನಂಬರು. ಮಗ ಬಸ್ ನಿಲ್ದಾಣಕ್ಕೆ ಬಂದು ಇಳಿಸಿಕೊಳ್ಳುತ್ತಾನೆ. ಮೂರು ಜನ ರೂಮಿನವರು ಸೇರಿ ಉಂಡರೆ ಅದು ಎರಡು ಮೂರು ದಿನ. ಒಬ್ಬನ ಮನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಇನ್ನೊಬ್ಬನ ಊರಿನ ಬಸ್ಸು ಬಂದಿರುತ್ತದೆ. ಜಾತಿ, ಊರು ನೋಡದೆ ಒಂದೇ ಬಟ್ಟೆಯ ಮೇಲೆ ಕೂತು ಉಣ್ಣುವುದನ್ನು ನಮ್ಮ ಎಷ್ಟೋ ಹುಡುಗರು ಮೊದಲು ಕಲಿಯುವುದು ಈ ರೂಮುಗಳಲ್ಲಿ. ಯಾವ ಸಿಲೆಬಸ್ಸಿನಲ್ಲೂ ಇಲ್ಲದ ಈ ಪಾಠದ ಬಗ್ಗೆ ನನಗೆ ಅಪಾರ ಗೌರವ.

ರಾತ್ರಿ ಫೋನು. ‘ಉಂಡೇನಪಾ?’ ‘ಉಂಡೀನಿ ಯವ್ವಾ.’ ‘ಸಾಲಿ ಛಲೋ ನಡದದೇನು?’ ‘ಹೂಂ, ಛಲೋ ನಡದದ.’ ಅಷ್ಟೇ ಮಾತು. ಛಲೋ ನಡೆಯದಿದ್ದರೂ ಛಲೋ ಎಂದೇ ಹೇಳುತ್ತಾರೆ, ಮನೆಯವರು ಕೈಗಡ ಮಾಡಿ ಕಳಿಸಿದ್ದಾರೆಂಬ ಭಾರ ಮನಸ್ಸಿನ ಮೇಲಿರುತ್ತದೆ. ಈ ಕೈಗಡದ ಮೂಲ ತಿಳಿಯಬೇಕಾದರೆ ತೊಗರಿಯ ಲೆಕ್ಕ ಗೊತ್ತಿರಬೇಕು. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಜೂನ್–ಜುಲೈನಲ್ಲಿ ಬಿತ್ತನೆ, ಡಿಸೆಂಬರ್–ಜನವರಿಯಲ್ಲಿ ರಾಶಿ. ರೈತನ ಕೈಯಲ್ಲಿ ದುಡ್ಡು ಆಡುವುದು ಜನವರಿಯಲ್ಲಿ. ಕಾಲೇಜಿನ ಶುಲ್ಕ, ಹಾಸ್ಟೆಲ್ ಠೇವಣಿ, ಪುಸ್ತಕ, ಬಟ್ಟೆಯ ಖರ್ಚು ಬರುವುದು ಬೀಜ–ಗೊಬ್ಬರಕ್ಕೂ ಸಾಲ ಎತ್ತಿದ ಜುಲೈನಲ್ಲಿ. ರಾಶಿಯ ಹೊತ್ತಿಗೆ ಮೊದಲ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿರುತ್ತದೆ. ಆಳು ಸಿಗದ ಮನೆಗಳಲ್ಲಿ ಹುಡುಗನಿಗೆ ಕರೆ ಬರುತ್ತದೆ. ಹೋಗದಿದ್ದರೆ ಮನೆಗೆ ಕಷ್ಟ, ಹೋದರೆ ಪರೀಕ್ಷೆಗೆ ಕಷ್ಟ. ಶುಲ್ಕವನ್ನು ಎರಡು ಕಂತಿನಲ್ಲಿ, ಒಂದನ್ನು ಜನವರಿಯ ನಂತರ ಕಟ್ಟಲು ಬಿಟ್ಟರೆ ಈ ಜಿಲ್ಲೆಯ ಸಾವಿರಾರು ಮನೆಗಳಿಗೆ ಉಸಿರು ಬರುತ್ತದೆ. ಬೆಳೆಯ ಕಾಲ ಗೊತ್ತಿರುವ ಯಾವ ಆಡಳಿತ ಮಂಡಳಿಗೂ ಇದು ಅರ್ಥವಾಗದ ಮಾತಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಕಣ್ಣಿಗೆ ಕಾಣುತ್ತದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ ಖರ್ಚಿನ ನೆಪದಲ್ಲಿ ಮಗಳನ್ನು ಊರಿನಲ್ಲೇ ಇರಿಸಿಕೊಳ್ಳುವುದು ಕಷ್ಟವಾಗಿದೆ. ಅಷ್ಟೇ ಅಲ್ಲ, ಬುತ್ತಿ ಕೊಟ್ಟು ಕಳಿಸುತ್ತಿದ್ದ ಅವ್ವ ಈಗ ತಾನೇ ಬುತ್ತಿ ಹಿಡಿದು ಬರಬಲ್ಲಳು, ಮಗಳ ಕಾಲೇಜು ನೋಡಬಲ್ಲಳು, ಹಾಸ್ಟೆಲ್ ಮೇಡಂ ಜತೆ ಮಾತಾಡಬಲ್ಲಳು. ತಾನು ಹೈಸ್ಕೂಲು ಮೆಟ್ಟಿಲು ಹತ್ತದ ಹೆಂಗಸು ವಿಶ್ವವಿದ್ಯಾಲಯದ ಗೇಟಿನೊಳಗೆ ಒಮ್ಮೆ ಕಾಲಿಟ್ಟು ಹೋದರೆ ಮಗಳ ಮದುವೆಯ ಮಾತು ಎರಡು ವರ್ಷ ಮುಂದೆ ಹೋಗುತ್ತದೆ ಎಂದು ನಾನು ನಂಬುತ್ತೇನೆ.

ಒಬ್ಬರಾದರೂ ಬೇಕು

ಮೊದಲ ವರ್ಷ ದಾಟಿದವರನ್ನು ಹೇಗೆ ದಾಟಿದಿರಿ ಎಂದು ಕೇಳಿದರೆ ಬರುವ ಉತ್ತರದಲ್ಲಿ ಯಾವಾಗಲೂ ಒಬ್ಬ ವ್ಯಕ್ತಿ ಇರುತ್ತಾರೆ. ನಮ್ಮೂರ ಕಡೆಯ ಅಣ್ಣ ಒಬ್ಬನಿದ್ದ, ಪಕ್ಕದ ರೂಮಿನ ಅಕ್ಕ ಇದ್ದಳು, ಮೇಷ್ಟ್ರೊಬ್ಬರು ಹೆಸರು ಹಿಡಿದು ಕರೆದರು. ಸ್ಕಾಲರ್‌ಶಿಪ್ ಅರ್ಜಿ ಹಾಕಿಸಿದ್ದು, ಆನ್‌ಲೈನಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಲು ಕಲಿಸಿದ್ದು, ಗ್ರಂಥಾಲಯದ ಕಾರ್ಡು ಮಾಡಿಸಿದ್ದು ಅವರೇ. ಇದು ಅದೃಷ್ಟದಿಂದ ಸಿಗುವಂತಾಗಬಾರದು. ಹೊಸ ವಿದ್ಯಾರ್ಥಿಗಳನ್ನು ಕಾಲೇಜಿಗೆ ಒಗ್ಗಿಸಲೆಂದೇ ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಕಾರ್ಯಕ್ರಮದ ಮಾರ್ಗಸೂಚಿ ಹೊರಡಿಸಿತು. ಎಷ್ಟೋ ಕಡೆ ಅದು ಒಂದು ಬೆಳಗಿನ ಸ್ವಾಗತ ಸಮಾರಂಭ, ಹಾರ–ತುರಾಯಿ, ನಾಲ್ಕು ಭಾಷಣಗಳಲ್ಲಿ ಮುಗಿಯುತ್ತಿದೆ. ಅದರ ಬದಲು ಚಿಂಚೋಳಿಯ ಹೊಸಬನನ್ನು ಚಿಂಚೋಳಿಯ ಎರಡನೇ ವರ್ಷದವನಿಗೆ, ವಾಡಿಯವಳನ್ನು ವಾಡಿಯ ಅಕ್ಕನಿಗೆ ಒಪ್ಪಿಸಿಬಿಟ್ಟರೆ ಅರ್ಧ ಕೆಲಸ ಆದಂತೆ. ಮನಸ್ಸು ಕುಸಿದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರು ಹಾಸ್ಟೆಲಿನ ಊಟದ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು.

ಇಲ್ಲಿನ ಮಣ್ಣಿನಿಂದ ಎದ್ದು ಹೋದವರು ಕಡಿಮೆಯಲ್ಲ. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯ ಬಡ ಮನೆಯಿಂದ ಬಂದ ಚೆನ್ನಣ್ಣ ವಾಲೀಕಾರ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ‘ವ್ಯೋಮಾವ್ಯೋಮ’ದಂಥ ಮಹಾಕಾವ್ಯ ಬರೆದರು. ಕಲಬುರಗಿ ಬಳಿಯ ಸಾವಳಗಿಯ ಗೀತಾ ನಾಗಭೂಷಣ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕನ ಮಗಳು; ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು, ಆ ಗೌರವ ಪಡೆದ ಕನ್ನಡದ ಮೊದಲ ಲೇಖಕಿಯಾದರು. ಇವರ ಹೆಸರನ್ನು ಸ್ವಾಗತ ಭಾಷಣದಲ್ಲಿ ಹೇಳಿ ‘ನೀವೂ ಹೀಗೆ ಆಗಿ’ ಎನ್ನುವುದು ಸುಲಭ. ಅವರಷ್ಟು ಗಟ್ಟಿ ಎದೆಯಿಲ್ಲದ ಸಾಧಾರಣ ವಿದ್ಯಾರ್ಥಿಯೂ ಪದವಿ ಮುಗಿಸುವಂತಾಗಬೇಕು, ಕೇಳಬೇಕಾದದ್ದು ಅದನ್ನು.

ಕೊನೆಗೊಂದು ತೀರಾ ಸಣ್ಣದೆನಿಸುವ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ತುರ್ತಿನ ಮಾತು. ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ದಿನ ಎಷ್ಟೋ ಮಕ್ಕಳಿಗೆ ಒಂದೋ ಎರಡೋ ವಿಷಯ ಉಳಿದಿರುತ್ತವೆ. ಹತ್ತನೆಯ ತರಗತಿಯ ಫೇಲು ಮಾತ್ರ ಗೊತ್ತಿರುವ ಮನೆಗಳಲ್ಲಿ ಅದು ಓದು ಮುಗಿದ ಸುದ್ದಿ. ‘ಫೇಲ್ ಆದಿ, ಸಾಕು ಬಾ, ಸಿಮೆಂಟ್ ಫ್ಯಾಕ್ಟರಿನ್ಯಾಗ ಕಾಕಾ ಕೆಲಸ ಕೊಡಸ್ತಾನ’ ಎಂದುಬಿಡುತ್ತಾರೆ. ಹುಡುಗನೂ ನಾಚಿಕೆಯಿಂದ ಟ್ರಂಕು ಕಟ್ಟುತ್ತಾನೆ. ಮುಂದಿನ ಸೆಮಿಸ್ಟರ್‌ಗೆ ಹೋಗುತ್ತಲೇ ಉಳಿದ ವಿಷಯ ಮತ್ತೆ ಬರೆಯಬಹುದು ಎಂಬುದು ಅಪ್ಪನಿಗೆ ಗೊತ್ತಿಲ್ಲ, ಹೇಳಿದವರೂ ಇಲ್ಲ. ಆ ವಾರ ಕಾಲೇಜಿನಿಂದ ಒಬ್ಬ ಅಧ್ಯಾಪಕರು ಮನೆಗೆ ಫೋನ್ ಮಾಡಿ, ಇಲ್ಲಿನ ಮಾತಿನಲ್ಲೇ ಇಷ್ಟು ಹೇಳಿದರೆ ಸಾಕು: ‘ನಿಮ್ಮ ಹುಡುಗ ಫೇಲ್ ಆಗಿಲ್ರಿ ಯಜಮಾನ್ರ. ಎರಡು ಪೇಪರ್ ಉಳಿದಾವ, ಮುಂದಿನ ಸಲ ಬರೀತಾನ. ಸೋಮವಾರ ಕ್ಲಾಸು ಶುರು ಆಗ್ತಾವ, ಕಳಸ್ರಿ.’